ಹೊಗೆಗೆ ಬಂದ ಕಾಯಿದೆ

ನಮ್ಮ ಸಂಘದ ವಾಚನಾಲಯದ ಬಾಗಿಲ ಪಕ್ಕದಲ್ಲಿ 60 ಸೆಂಟಿಮೀಟರು ಉದ್ದ, 30 ಸೆಂಟಿಮೀಟರು ಅಗಲದ ಒಂದು ಫಲಕ ತೂಗುತ್ತದೆ. ಕೆಂಪು ವೃತ್ತದೊಳಗೆ ಅಡ್ಡಗೆರೆ ಎಳೆದ ಸಿಗರೇಟಿನ ಚಿತ್ರ. ಅದರ ಜೊತೆಗೆ, ಇಲ್ಲಿ ಧೂಮಪಾನ ಮಾಡುವುದು ಅಪರಾಧವೆಂಬ ಒಕ್ಕಣೆ. ಪತ್ರಿಕೆ ಓದಲು ಬರುವ ಸದಸ್ಯರಲ್ಲಿ ಆ ಫಲಕವನ್ನು ಓದುವವರು ಯಾರೂ ಇಲ್ಲ. ಹಳೆಯ ಕ್ಯಾಲೆಂಡರಿನ ಹಾಗೆ ಅದೂ ಗೋಡೆಯ ಒಂದು ಭಾಗವಾಗಿ ಹೋಗಿದೆ. ಕಳೆದ ವರ್ಷ ರಾಜ್ಯೋತ್ಸವದ ನಾಟಕದ ತಾಲೀಮಿಗೆ ಬಂದಿದ್ದ ಸದಸ್ಯರೊಬ್ಬರ ಮಗ, ಎಂಟನೆಯ ಇಯತ್ತೆಯ ಹುಡುಗ, ಅದನ್ನು ದಿಟ್ಟಿಸಿ ನೋಡಿ, "ಅಜ್ಜಾ, ಇಷ್ಟು ದೊಡ್ಡದಾಗಿ ಬರೆದಿದ್ದಾರಲ್ಲ, ಮೊದಲು ಇಲ್ಲಿ ಒಳಗೇ ಸೇದುತ್ತಿದ್ದರಾ?" ಎಂದು ಕೇಳಿದ. ಸೇದುತ್ತಿದ್ದರಪ್ಪಾ ಎಂದೆವು. ಇದೇ ಕೋಣೆಯಲ್ಲಿ, ಇದೇ ಮೇಜಿನ ಸುತ್ತ ಕಾರ್ಯಕಾರಿ ಸಮಿತಿಯವರು ಕುಳಿತು, ಎದುರಿನವರ ಮುಖ ಮಸುಕಾಗುವಷ್ಟು ಹೊಗೆಯ ನಡುವೆ ವರ್ಷದ ಜಮಾಖರ್ಚು ಓದಿದ್ದನ್ನು ನಾವು ಕಣ್ಣಾರೆ ಕಂಡವರು. ಹುಡುಗ ನಂಬಲಿಲ್ಲ. ಮುದುಕರು ಹಿಂದಿನ ಕಾಲದ ಮಾತನ್ನು ಹೆಚ್ಚಿಸಿ ಹೇಳುತ್ತಾರೆಂಬ ಭಾವನೆ ಅವನ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಅವನ ಆ ಅಪನಂಬಿಕೆಯೇ ಈ ಲೇಖನಕ್ಕೆ ಕಾರಣ. ಫಲಕದ ಹಿಂದಿನ ಚರಿತ್ರೆಯನ್ನು ಹುಡುಕಹೊರಟಾಗ ನಮಗೆ ಒಂದು ಸಂಗತಿ ವಿಸ್ಮಯವನ್ನು ಉಂಟುಮಾಡಿತು. ಧೂಮಪಾನದ ಮೇಲೆ ನಿಷೇಧ ಹಾಕುವುದು ಹೊಸದೇನೂ ಅಲ್ಲ. ಅದಕ್ಕೆ 400 ವರ್ಷಗಳ ವಯಸ್ಸಾಗಿದೆ. ಆದರೆ ಆ ನಿಷೇಧಗಳು ಯಾರ ರಕ್ಷಣೆಗಾಗಿ ಹುಟ್ಟಿದವು ಎಂದು ಕೇಳಿದರೆ, ಅರಸನ ಅಧಿಕಾರಕ್ಕಾಗಿ, ಊರಿನ ಮರದ ಮನೆಗಳಿಗಾಗಿ, ಗಿರಣಿಯ ಹತ್ತಿಗಾಗಿ, ಕೊನೆಗೆ ಯಂತ್ರಗಳಿಗಾಗಿ ಎಂದು ಉತ್ತರ ಬರುತ್ತದೆ. ಪಕ್ಕದಲ್ಲಿ ಕುಳಿತು ಅದೇ ಗಾಳಿಯನ್ನು ಉಸಿರಾಡುವ ಮನುಷ್ಯನಿಗೆ ಕಾಯಿದೆಯ ಬಲ ದೊರೆತದ್ದು ತೀರ ಈಚೆಗೆ, ನಮ್ಮ ಕಣ್ಣೆದುರಿಗೆ.

ನಮ್ಮ ದೇಶದ ಮಟ್ಟಿಗೆ ಈ ಕಥೆಯ ಒಂದು ಮುಖ್ಯ ಪ್ರಸಂಗ ಕನ್ನಡನಾಡಿನಲ್ಲಿಯೇ ಮೊದಲಾಗುತ್ತದೆ. 1604ರ ಸುಮಾರಿಗೆ ಅಕ್ಬರ ಬಾದಶಹನ ರಾಯಭಾರಿ ಅಸದ್ ಬೇಗ್ ಎಂಬವನು ವಿಜಾಪುರಕ್ಕೆ ಬಂದಿದ್ದ. ಇಬ್ರಾಹಿಂ ಆದಿಲಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ತಂದುಕೊಳ್ಳುವ ಮದುವೆಯ ಕಾರ್ಯ ಅವನದು. ಪೋರ್ಚುಗೀಜರು ಕಡಲಾಚೆಯಿಂದ ತಂದ ತಂಬಾಕು ಆಗಲೇ ವಿಜಾಪುರದಲ್ಲಿ ಬಳಕೆಗೆ ಬಂದಿತ್ತು. ಅಸದ್ ಬೇಗ್ ಅಂತಹದನ್ನು ಎಂದೂ ಕಂಡವನಲ್ಲ. ಅವನು ಒಂದಿಷ್ಟು ತಂಬಾಕನ್ನು ಕೊಂಡು, ರತ್ನ ಕೆತ್ತಿದ ಕೊಳವೆಯೊಂದನ್ನು ಸಿದ್ಧಪಡಿಸಿ, ಇತರ ಕಾಣಿಕೆಗಳೊಡನೆ ಬಾದಶಹನ ಮುಂದಿಟ್ಟನು. ಅಕ್ಬರನು ಕುತೂಹಲದಿಂದ ಒಂದೆರಡು ಸಲ ಎಳೆದು ನೋಡಿದ. ಆಸ್ಥಾನದ ಹಕೀಮನಿಗೆ ಅದು ಹಿಡಿಸಲಿಲ್ಲ. ನಮ್ಮ ವೈದ್ಯಗ್ರಂಥಗಳಲ್ಲಿ ಇಲ್ಲದ, ಯಾರೂ ಪರೀಕ್ಷಿಸದ ವಸ್ತುವನ್ನು ಪ್ರಭುಗಳು ಮುಟ್ಟಬಾರದೆಂದು ಅವನ ವಾದ. ಪ್ರಪಂಚದ ಪ್ರತಿಯೊಂದು ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತೆಂದು ಅಸದ್ ಬೇಗನ ಮರುವಾದ. ಬಾದಶಹನು ಮುಂದೆ ಅದನ್ನು ಸೇದಲಿಲ್ಲವಾದರೂ ಅಮೀರ ಉಮರಾವರು ಬಿಡಲಿಲ್ಲ. ಕೆಲವೇ ದಿನಗಳಲ್ಲಿ ವರ್ತಕರು ಅದರ ವ್ಯಾಪಾರಕ್ಕಿಳಿದರು. ಈ ವಿವರಗಳನ್ನೆಲ್ಲ ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಆ ಹಕೀಮನ ಮಾತನ್ನು ಕೇಳಿದ್ದರೆ ಏನಾಗುತ್ತಿತ್ತೋ ಎಂದು ಇಂದು ಅನ್ನಿಸದೆ ಇರದು.

ಹದಿಮೂರು ವರ್ಷಗಳ ತರುವಾಯ, 1617ರಲ್ಲಿ, ಜಹಾಂಗೀರನು ತಂಬಾಕನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ. ಅದರಿಂದ ಜನರ ದೇಹಕ್ಕೂ ಮನಸ್ಸಿಗೂ ಕೇಡಾಗುತ್ತದೆಂದು ಅವನು ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಇರಾನಿನ ಶಹಾ ಅಬ್ಬಾಸನೂ ಹಾಗೆಯೇ ನಿಷೇಧಿಸಿದ್ದ. ಆದರೆ ಅವನ ಆಸ್ಥಾನಕ್ಕೆ ಹೋಗಿದ್ದ ಜಹಾಂಗೀರನ ರಾಯಭಾರಿ ಖಾನ್ ಆಲಮನಿಗೆ ಹೊಗೆಯಿಲ್ಲದೆ ಒಂದು ಗಳಿಗೆ ಕಳೆಯುವುದೂ ಅಸಾಧ್ಯವಾದಾಗ ಅವನೊಬ್ಬನಿಗೆ ವಿನಾಯಿತಿ ದೊರೆಯಿತು. ದೊಡ್ಡವರಿಗೆ ವಿನಾಯಿತಿ ಕೊಡುವ ಪದ್ಧತಿ ಅಂದಿನಿಂದಲೇ ಬಂದಿತೆಂದು ಕಾಣುತ್ತದೆ. ತುರ್ಕಸ್ತಾನದ ಸುಲ್ತಾನ ನಾಲ್ಕನೆಯ ಮುರಾದನು ಇನ್ನೂ ಕಠಿಣ. 1633ರಲ್ಲಿ ಇಸ್ತಂಬೂಲಿನಲ್ಲಿ ಭಾರಿ ಬೆಂಕಿ ಬಿದ್ದು ನಗರದ ದೊಡ್ಡ ಭಾಗ ಸುಟ್ಟುಹೋದ ಮೇಲೆ ಅವನು ಕಾಫಿ ಅಂಗಡಿಗಳನ್ನು ಮುಚ್ಚಿಸಿ, ತಂಬಾಕು ಸೇದುವವರಿಗೆ ಮರಣದಂಡನೆಯನ್ನೇ ವಿಧಿಸಿದ. ಬೆಂಕಿಯ ಭಯ ಒಂದಾದರೆ, ಕಾಫಿ ಅಂಗಡಿಗಳಲ್ಲಿ ಹೊಗೆ ಬಿಡುತ್ತ ಕುಳಿತ ಜನ ರಾಜಕಾರಣ ಮಾತಾಡುತ್ತಾರೆಂಬ ಭಯ ಇನ್ನೊಂದು. ಬರ್ಲಿನ್ ನಗರದ ಬೀದಿಗಳಲ್ಲಿ ಸೇದಬಾರದೆಂಬ ಕಟ್ಟಳೆ ಬಹುಕಾಲ ಇತ್ತು. 1848ರ ಕ್ರಾಂತಿಯಲ್ಲಿ ಜನರ ಬೇಡಿಕೆಗಳ ಪೈಕಿ ಬೀದಿಯಲ್ಲಿ ಸೇದುವ ಸ್ವಾತಂತ್ರ್ಯವೂ ಒಂದಾಗಿ, ಆ ಕಟ್ಟಳೆ ಬಿದ್ದುಹೋಯಿತು. ಸೇದುವುದು ಸ್ವಾತಂತ್ರ್ಯದ ಕುರುಹು ಎಂಬ ಭಾವನೆ ಮುಂದೆ ನೂರು ವರ್ಷಗಳಿಗೂ ಮಿಕ್ಕಿ ಉಳಿಯಿತು.

ಇನ್ನು ನಮ್ಮ ಮುಂಬಯಿಗೆ ಬರೋಣ. ಪರೇಲ, ಲಾಲಬಾಗ, ವರಳಿಗಳ ಗಿರಣಿಗಳಲ್ಲಿ ದುಡಿದ ಹಿರಿಯರು ನಮ್ಮ ಸಂಘದಲ್ಲಿ ಹಲವರಿದ್ದರು. ಗಿರಣಿಯ ಖಾತೆಯೊಳಗೆ ಬೀಡಿ ಹೊತ್ತಿಸುವಂತಿರಲಿಲ್ಲ; ಗೇಟಿನಲ್ಲಿ ಜೇಬು ತಡವಿ ಕಡ್ಡಿಪೆಟ್ಟಿಗೆಯನ್ನು ತೆಗೆದಿಡಿಸುತ್ತಿದ್ದರೆಂದು ಅವರು ಹೇಳುತ್ತಿದ್ದರು. ಗಾಳಿಯಲ್ಲೆಲ್ಲ ಹತ್ತಿಯ ನವಿರು ಹಾರಾಡುವ ಜಾಗದಲ್ಲಿ ಒಂದು ಕಿಡಿ ಸಾಕು. ಈ ಎಚ್ಚರ ನ್ಯಾಯವಾದದ್ದೇ. ಆದರೆ ಅದೇ ಹತ್ತಿಯ ನವಿರು ದುಡಿಯುವವನ ಶ್ವಾಸಕೋಶಕ್ಕೆ ಹೋಗುವುದನ್ನು ತಡೆಯಲು ಅಷ್ಟೇ ಎಚ್ಚರ ಇತ್ತೆಂದು ಅವರಲ್ಲಿ ಒಬ್ಬರೂ ಹೇಳಿದ್ದನ್ನು ನಾವು ಕೇಳಿಲ್ಲ. ಹೊಗೆಯ ಬಗ್ಗೆ ಸರಕಾರ ಏನೂ ಮಾಡಲಿಲ್ಲವೆಂದಲ್ಲ. 1912ರಲ್ಲಿಯೇ ಮುಂಬಯಿ ಇಲಾಖೆಯಲ್ಲಿ ಹೊಗೆಯ ಉಪದ್ರವದ ಕಾಯಿದೆ ಬಂದಿತ್ತು. ಆದರೆ ಅದು ಗಿರಣಿಯ ಚಿಮಣಿ ಉಗುಳುವ ಹೊಗೆಯನ್ನು ಕುರಿತದ್ದು, ಬಾಯಿಯ ಹೊಗೆಯನ್ನು ಕುರಿತದ್ದಲ್ಲ.

ಬಾಯಿಯ ಹೊಗೆಯನ್ನು ಕುರಿತು ಈ ದೇಶದ ಕಾಯಿದೆ ಮೊದಮೊದಲು ಮಾತಾಡಿದ್ದು ರೈಲುಗಾಡಿಯಲ್ಲಿ. 1890ರ ಭಾರತೀಯ ರೈಲ್ವೆ ಕಾಯಿದೆಯ 110ನೆಯ ಕಲಮು ಇಂದಿಗೂ ಓದಲು ಯೋಗ್ಯವಾಗಿದೆ. ಧೂಮಪಾನಕ್ಕೆಂದೇ ಮೀಸಲಾದ ಡಬ್ಬಿಯಲ್ಲದೆ ಬೇರೆ ಡಬ್ಬಿಯಲ್ಲಿ, ಸಹಪ್ರಯಾಣಿಕರ ಒಪ್ಪಿಗೆಯಿಲ್ಲದೆ ಸೇದಿದವನಿಗೆ 20 ರೂಪಾಯಿಯವರೆಗೆ ದಂಡ. ರೈಲ್ವೆ ನೌಕರ ಎಚ್ಚರಿಸಿದರೂ ಕೇಳದಿದ್ದರೆ ಅವನನ್ನು ಗಾಡಿಯಿಂದ ಇಳಿಸಬಹುದು. ಆ ಕಾಲಕ್ಕೆ 20 ರೂಪಾಯಿಯೆಂದರೆ ಸಾಮಾನ್ಯ ಕೂಲಿಯವನ ಒಂದು ತಿಂಗಳ ಸಂಪಾದನೆಗಿಂತಲೂ ಹೆಚ್ಚು. ಸೇದುವವನು ಮೊದಲು ಒಪ್ಪಿಗೆ ಕೇಳಬೇಕು ಎಂಬುದು ಅದರ ತಾತ್ಪರ್ಯ. ಬಂದ ಹೊಸ ಕಾಯಿದೆ 1989ರದು. ಅದರ 167ನೆಯ ಕಲಮಿನಲ್ಲಿ ಇದು ತಿರುಗಿಬಿತ್ತು. ಯಾರಾದರೂ ಆಕ್ಷೇಪಿಸಿದರೆ ಸೇದಬಾರದು, ದಂಡ 100 ರೂಪಾಯಿಯವರೆಗೆ. ಅಂದರೆ ಬಾಯಿ ತೆರೆಯಬೇಕಾದವನು ಈಗ ಸೇದದವನು. ನೂರು ವರ್ಷಗಳಲ್ಲಿ ಕಾಯಿದೆ ಮುಂದಕ್ಕೆ ಹೋಯಿತೋ ಹಿಂದಕ್ಕೋ ಎಂಬುದನ್ನು ವಾಚಕರೇ ನಿರ್ಣಯಿಸಲಿ. ರೈಲ್ವೆ ಆಡಳಿತ ಬೇಕಾದರೆ ಇಡೀ ಗಾಡಿಯಲ್ಲಿಯೇ ನಿಷೇಧಿಸಬಹುದೆಂಬ ಅಧಿಕಾರವನ್ನು ಅದು ಕೊಟ್ಟಿತ್ತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಒಪ್ಪಿಗೆಯಾಗಲಿ ಆಕ್ಷೇಪವಾಗಲಿ, ಮೂರನೆಯ ದರ್ಜೆಯ ಡಬ್ಬಿಯಲ್ಲಿ ಅದಕ್ಕೆ ಅರ್ಥವೇನಿತ್ತು? ಕಾಲಿಡಲು ಜಾಗವಿಲ್ಲದ ಕಡೆ ಹತ್ತು ಜನ ಬೀಡಿ ಎಳೆಯುತ್ತ ಕುಳಿತಾಗ, ಮಗುವನ್ನು ಮಡಿಲಲ್ಲಿಟ್ಟುಕೊಂಡ ಹೆಣ್ಣುಮಗಳು ಯಾರನ್ನು ಆಕ್ಷೇಪಿಸಿಯಾಳು? ಚಿಕ್ಕಂದಿನಲ್ಲಿ ಕದ್ದು ಬೀಡಿ ಸೇದಿದ್ದನ್ನು ಒಪ್ಪಿಕೊಂಡ ಗಾಂಧೀಜಿಯವರು, ಸೇದುವವರಿಂದ ತುಂಬಿದ ರೈಲು ಡಬ್ಬಿಯಲ್ಲಿ ತಮಗೆ ಉಸಿರುಕಟ್ಟುತ್ತದೆಂದು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಗಾಂಧೀಜಿಯವರ ಪಾಡೇ ಹೀಗಾದರೆ ಉಳಿದವರದನ್ನು ಕೇಳಬೇಕೆ?

ನಮ್ಮ ನಾಡಿನ ಸರಕಾರ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲವೆಂಬುದು ಅನೇಕರಿಗೆ ಗೊತ್ತಿಲ್ಲ. 1963ರಲ್ಲಿಯೇ ಮೈಸೂರು ರಾಜ್ಯದ ಶಾಸನಸಭೆ ಪ್ರದರ್ಶನ ಮಂದಿರಗಳಲ್ಲಿಯೂ ಸಾರ್ವಜನಿಕ ಸಭಾಭವನಗಳಲ್ಲಿಯೂ ಧೂಮಪಾನವನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವೆಂದಾದ ಮೇಲೆ ಆ ಕಾಯಿದೆಯ ಹೆಸರೂ ಬದಲಾಯಿತು. ಕೇಂದ್ರದ ಕಾಯಿದೆ ಬಂದದ್ದು ಇದಾದ ನಲವತ್ತು ವರ್ಷಗಳ ಮೇಲೆ. ಆದರೆ ನಮ್ಮೂರ ಕಡೆಯ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ಚಿತ್ರ ನೋಡಿದ ನಮ್ಮ ನೆನಪು ಬೇರೆ. ಧೂಮಪಾನ ಮಾಡಬಾರದೆಂಬ ಸ್ಲೈಡು ಪರದೆಯ ಮೇಲೆ ಬೀಳುತ್ತಿದ್ದಾಗಲೇ, ಯಂತ್ರದಿಂದ ಪರದೆಯವರೆಗೆ ಹಾಯುವ ಬೆಳಕಿನ ಕೋಲಿನಲ್ಲಿ ಬೀಡಿಯ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ನಮಗೆ ಆಗ ಅದು ಚಿತ್ರದಷ್ಟೇ ಸೊಗಸಾಗಿ ಕಾಣುತ್ತಿತ್ತು.

1971ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ನಾವು ಕುಂದಾಪುರ ಸೀಮೆಯಿಂದ ಮುಂಬಯಿಗೆ ಬಂದು ಕೋಟೆ ವಿಭಾಗದ ಒಂದು ಹೋಟೆಲಿನಲ್ಲಿ ಮೇಜು ಒರೆಸುವ ಕೆಲಸಕ್ಕೆ ಸೇರಿದೆವು. ಹಗಲು ಹೋಟೆಲು, ಸಂಜೆ ಕನ್ನಡ ರಾತ್ರಿ ಶಾಲೆ. ಮುಂಬಯಿಯ ಎಷ್ಟೋ ಕನ್ನಡಿಗರ ಬಾಳು ಹೀಗೆಯೇ ಮೊದಲಾದದ್ದರಿಂದ ಅದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಕಪ್ಪು ಬಸಿಗಳ ಮಾತು. ಗಿರಾಕಿಗಳು ಚಹಾ ಕುಡಿದು, ಸಿಗರೇಟು ಸೇದಿ, ತುಂಡನ್ನು ಬಸಿಯಲ್ಲಿ ಉಳಿದ ಚಹಾದಲ್ಲಿ ಅದ್ದಿ ಹೋಗುತ್ತಿದ್ದರು. ಮೇಜಿನ ಮೇಲೆ ಬೂದಿಬಟ್ಟಲು ಇದ್ದರೂ ಅಷ್ಟೇ. ನೆನೆದ ತಂಬಾಕಿನ ಆ ವಾಸನೆ ಬೆರಳಿಗೆ ಹತ್ತಿಕೊಂಡರೆ ರಾತ್ರಿ ಶಾಲೆಯಲ್ಲಿ ಪುಸ್ತಕ ಹಿಡಿದಾಗಲೂ ಬಿಡುತ್ತಿರಲಿಲ್ಲ. ಮಧ್ಯಾಹ್ನದ ಗದ್ದಲದಲ್ಲಿ ತಗ್ಗಾದ ಮಾಳಿಗೆಯ ಕೆಳಗೆ ಹೊಗೆ ಕಟ್ಟಿ ನಿಲ್ಲುತ್ತಿತ್ತು; ಪಂಖ ಅದನ್ನು ಹೊರಗೆ ಕಳಿಸುತ್ತಿರಲಿಲ್ಲ, ಸುತ್ತಿ ಸುತ್ತಿ ನಮಗೇ ಕೊಡುತ್ತಿತ್ತು. ನಮ್ಮ ಜೊತೆಗಿದ್ದ ಹಿರಿಯ ಮಾಣಿಯೊಬ್ಬರು ಇಪ್ಪತ್ತು ವರ್ಷ ಅದೇ ಹಾಲಿನಲ್ಲಿ ಬಡಿಸಿದವರು. ಒಂದು ಬೀಡಿ ಮುಟ್ಟಿದವರಲ್ಲ. ರಾತ್ರಿಯೆಲ್ಲ ಕೆಮ್ಮುತ್ತಿದ್ದರು. ಯಜಮಾನರು ಒಳ್ಳೆಯವರೇ, ಕೆಮ್ಮಿಗೆ ಕಷಾಯ ಕಾಸಿಕೊಡಿಸುತ್ತಿದ್ದರು. ಹೊಗೆಗೂ ಕೆಮ್ಮಿಗೂ ಸಂಬಂಧ ಕಲ್ಪಿಸುವ ಬುದ್ಧಿ ಆಗ ಯಜಮಾನರಿಗೂ ಇರಲಿಲ್ಲ, ನಮಗೂ ಇರಲಿಲ್ಲ.

ಆ ಸಂಬಂಧವನ್ನು ವಿಜ್ಞಾನ ತೋರಿಸಿಕೊಟ್ಟದ್ದು ಎರಡು ಹಂತಗಳಲ್ಲಿ. ಸೇದುವವನಿಗೇ ಶ್ವಾಸಕೋಶದ ಅರ್ಬುದ ಬರುವ ಸಂಭವ ಹೆಚ್ಚೆಂಬುದನ್ನು ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಆಂಗ್ಲ ವಿದ್ವಾಂಸರು 1950ರಲ್ಲಿ ಪ್ರಕಟಿಸಿದರು. ಅಮೆರಿಕದ ಸರಕಾರದ ಆರೋಗ್ಯಾಧಿಕಾರಿಯ ಪ್ರಸಿದ್ಧ ವರದಿ 1964ರದು. ಅಲ್ಲಿಯವರೆಗೂ ಇದು ಸೇದುವವನ ಸ್ವಂತ ವಿಚಾರವೆಂದೇ ತಿಳಿಯಲಾಗಿತ್ತು. ಜಪಾನಿನ ತಾಕೇಶಿ ಹಿರಾಯಾಮ ಎಂಬವರು ಸ್ವತಃ ಸೇದದ 91,540 ಗೃಹಿಣಿಯರನ್ನು 14 ವರ್ಷಗಳ ಕಾಲ ಗಮನಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಆ ರೋಗದ ಭಯ ಹೆಚ್ಚೆಂದು 1981ರಲ್ಲಿ ಪ್ರಕಟಿಸಿದಾಗ ಪಕ್ಕದವನ ಮಾತು ಮೊದಲ ಸಲ ಲೆಕ್ಕಕ್ಕೆ ಬಂದಿತು. ತಂಬಾಕು ಕಂಪನಿಗಳವರು ಆ ಲೆಕ್ಕವನ್ನು ಹೀಗಳೆಯಲು ಮಾಡದ ಪ್ರಯತ್ನವಿಲ್ಲ. ಆದರೆ ಅನಂತರದ ಸಂಶೋಧನೆಗಳು ಹಿರಾಯಾಮರ ಕಡೆಗೇ ಸಾಕ್ಷಿ ನುಡಿದವು.

ವಿಜ್ಞಾನಿಗಳಿಗಿಂತ ಮುಂಚೆಯೇ ಒಬ್ಬ ಸಾಮಾನ್ಯ ಕಚೇರಿ ನೌಕರಳು ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದಿದ್ದಳು. ಅಮೆರಿಕದ ನ್ಯೂ ಜರ್ಸಿಯಲ್ಲಿ ದೂರವಾಣಿ ಕಂಪನಿಯ ಕಚೇರಿಯಲ್ಲಿದ್ದ ಡೋನಾ ಶಿಂಪ್ ಎಂಬಾಕೆಗೆ ಸಿಗರೇಟಿನ ಹೊಗೆ ಆಗುತ್ತಿರಲಿಲ್ಲ. ಹೊಗೆಯನ್ನು ಹೊರಹಾಕಲು ಪಂಖವೊಂದನ್ನು ಕೂಡಿಸಿದರು. ಥಂಡಿಗಾಳಿ ಬರುತ್ತದೆಂದು ಉಳಿದವರು ಗೊಣಗಿದ್ದರಿಂದ ಅದು ಉಪಯೋಗಕ್ಕೆ ಬರಲಿಲ್ಲ. ಆಕೆ ದಾವೆ ಹೂಡಿದಳು. ವಿಚಾರಣೆಯಲ್ಲಿ ಒಂದು ಸಂಗತಿ ಹೊರಬಿತ್ತು. ದೂರವಾಣಿ ಯಂತ್ರಗಳಿರುವ ಕಡೆ ಸೇದಬಾರದೆಂದು ಕಂಪನಿ ಆಗಲೇ ನಿಯಮ ಮಾಡಿತ್ತು; ಸೂಕ್ಷ್ಮವಾದ ಯಂತ್ರಗಳು ಹೊಗೆಗೆ ಕೆಡುತ್ತವೆಂಬುದೇ ಕಾರಣ! ಯಂತ್ರದ ಬಗ್ಗೆ ಇಷ್ಟು ಕಾಳಜಿ ಇರುವವರು ಮನುಷ್ಯರ ಬಗ್ಗೆ ಕನಿಷ್ಠಪಕ್ಷ ಅಷ್ಟಾದರೂ ಕಾಳಜಿ ತೋರಬೇಡವೇ ಎಂಬರ್ಥದ ಮಾತಾಡಿ, ನ್ಯಾಯಾಧೀಶರು 1976ರಲ್ಲಿ ಆಕೆಯ ಪರವಾಗಿ ತೀರ್ಪಿತ್ತರು. ಕೆಲಸದ ಕೋಣೆಯಲ್ಲಿ ಸೇದುವುದು ನಿಂತು, ಸೇದುವವರಿಗೆ ಊಟದ ಕೋಣೆಯಂತಹ ಕಡೆ ಅವಕಾಶವಾಯಿತು. ಇದನ್ನು ಓದಿದಾಗ ನಮಗೆ ಲಾಲಬಾಗದ ಗಿರಣಿಯ ಗೇಟಿನಲ್ಲಿ ತೆಗೆದಿಡಿಸುತ್ತಿದ್ದ ಕಡ್ಡಿಪೆಟ್ಟಿಗೆಗಳು ನೆನಪಾದವು.

ದುಡಿಯುವವನ ಹೆಸರಿನಲ್ಲಿಯೇ ಇಡೀ ದೇಶಕ್ಕೆ ಕಾಯಿದೆ ಮಾಡಿದ ಕೀರ್ತಿ ಐರ್ಲೆಂಡಿನದು. 2004ರ ಮಾರ್ಚ್ 29ರಂದು ಅಲ್ಲಿ ಮದ್ಯದಂಗಡಿಗಳೂ ಸೇರಿದಂತೆ ಮುಚ್ಚಿದ ಕೆಲಸದ ಸ್ಥಳಗಳಲ್ಲಿ ಧೂಮಪಾನ ನಿಂತಿತು. ಹೆಂಡದ ಲೋಟದ ಜೊತೆಗೆ ಹೊಗೆ ಇಲ್ಲದಿದ್ದರೆ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆಂದು ಮಾಲೀಕರು ಕೂಗಾಡಿದರು. ಗಿರಾಕಿ ಬೇಡವಾದರೆ ಎದ್ದು ಹೋಗಬಹುದು, ಬಡಿಸುವವನು ಎಲ್ಲಿಗೆ ಹೋಗಬೇಕು ಎಂಬುದು ಸರಕಾರದ ಉತ್ತರದ ಸಾರವಾಗಿತ್ತು. ಈ ಮಾತನ್ನು 1971ರಲ್ಲಿ ನಮ್ಮ ಹೋಟೆಲಿನಲ್ಲಿ ಯಾರಾದರೂ ಆಡಿದ್ದರೆ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ.

ಭಾರತದಲ್ಲಿ 1975ರ ಕಾಯಿದೆಯಿಂದ ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಒಂದು ಸಾಲು ಬಂತು. ಅದೂ ಸೇದುವವನಿಗೇ ಹೇಳಿದ ಬುದ್ಧಿವಾದ. 1996ರಲ್ಲಿ ದಿಲ್ಲಿಯ ಶಾಸನಸಭೆ, ಡಾ. ಹರ್ಷವರ್ಧನರು ಆರೋಗ್ಯಮಂತ್ರಿಗಳಾಗಿದ್ದಾಗ, ಸೇದದವರ ಆರೋಗ್ಯರಕ್ಷಣೆ ಎಂಬ ಮಾತನ್ನು ಕಾಯಿದೆಯ ಹೆಸರಿನಲ್ಲಿಯೇ ಸೇರಿಸಿತು. ಅದಾದ ಮೇಲೆ ಬಂದದ್ದು ಕೇರಳ ಉಚ್ಚ ನ್ಯಾಯಾಲಯದ ತೀರ್ಪು. ಇತರರ ಹೊಗೆಯಿಂದ ಬಳಲಿದ ಕಾಲೇಜು ಅಧ್ಯಾಪಕಿಯೊಬ್ಬರು ಅಲ್ಲಿನ ಅರ್ಜಿದಾರರಲ್ಲಿ ಒಬ್ಬರು. ಸಾರ್ವಜನಿಕ ಸ್ಥಳದಲ್ಲಿ ಸೇದುವುದು ದಂಡಸಂಹಿತೆಯ ಪ್ರಕಾರ ಸಾರ್ವಜನಿಕ ಉಪದ್ರವ, ಮತ್ತು ಸಂವಿಧಾನದ 21ನೆಯ ಅನುಚ್ಛೇದ ಕೊಟ್ಟಿರುವ ಜೀವಿಸುವ ಹಕ್ಕಿಗೆ ಭಂಗ ಎಂದು 1999ರ ಜುಲೈ 12ರಂದು ನ್ಯಾಯಾಲಯ ಸಾರಿತು. ಹೊಸ ಕಾಯಿದೆಗಾಗಿ ಕಾಯದೆ, ಬ್ರಿಟಿಷರ ಕಾಲದ ಹಳೆಯ ಕಲಮುಗಳಲ್ಲಿಯೇ ಪಕ್ಕದವನ ಉಸಿರಿಗೆ ಜಾಗ ಹುಡುಕಿಕೊಟ್ಟ ಆ ನ್ಯಾಯಮೂರ್ತಿಗಳ ಧೈರ್ಯವನ್ನು ಮೆಚ್ಚಬೇಕು.

ಮುಂದಿನ ಹೆಜ್ಜೆ ನಮ್ಮ ಮುಂಬಯಿಯವರದು. ಒಂದು ಕಾಲಕ್ಕೆ ಈ ನಗರದ ಮೇಯರರಾಗಿದ್ದ ಮುರಳಿ ದೇವರಾ ಅವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದ್ದರು. 2001ರ ನವೆಂಬರ್ 2ರಂದು, ಅಂದರೆ ನಾವು ರಾಜ್ಯೋತ್ಸವ ಮುಗಿಸಿದ ಮರುದಿನ, ಕೋರ್ಟು ದೇಶಕ್ಕೆಲ್ಲ ಅನ್ವಯಿಸುವ ಆಜ್ಞೆ ಕೊಟ್ಟಿತು. ಸಾರ್ವಜನಿಕ ಸ್ಥಳಕ್ಕೆ ಹೋಗಬೇಕಾಗಿದೆ ಎಂಬ ಒಂದೇ ಕಾರಣಕ್ಕೆ ಸೇದದವನು ಏಕೆ ರೋಗಕ್ಕೆ ಗುರಿಯಾಗಬೇಕೆಂದು ನ್ಯಾಯಮೂರ್ತಿಗಳು ಕೇಳಿದ್ದರು. ಸಭಾಂಗಣ, ಆಸ್ಪತ್ರೆ, ವಿದ್ಯಾಸಂಸ್ಥೆ, ಗ್ರಂಥಾಲಯ, ನ್ಯಾಯಾಲಯ, ಸರಕಾರಿ ಕಚೇರಿ, ರೈಲೂ ಸೇರಿದಂತೆ ಸಾರ್ವಜನಿಕ ವಾಹನ ಇವು ಆ ಪಟ್ಟಿಯಲ್ಲಿದ್ದವು. ಹೋಟೆಲು ಇರಲಿಲ್ಲ. 2003ರಲ್ಲಿ ಪಾರ್ಲಿಮೆಂಟು ಮಾಡಿದ ಕಾಯಿದೆಯಲ್ಲಿ ಹೋಟೆಲು ಸೇರಿತು. ದಂಡ 200 ರೂಪಾಯಿಯವರೆಗೆ. ಕಾಯಿದೆ ಕಾಗದದ ಮೇಲೆಯೇ ಉಳಿದೀತೆಂದು ತೋರುತ್ತಿದ್ದಾಗ, ಅನ್ಬುಮಣಿ ರಾಮದಾಸರು ಆರೋಗ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 2008ರ ಅಕ್ಟೋಬರ್ 2ರಿಂದ, ಗಾಂಧೀ ಜಯಂತಿಯಂದೇ, ಹೊಸ ನಿಯಮಗಳು ಜಾರಿಗೆ ಬಂದವು. ಅದನ್ನು ತಡೆಹಿಡಿಯಬೇಕೆಂಬ ಪ್ರಾರ್ಥನೆಯನ್ನು ಸುಪ್ರೀಂ ಕೋರ್ಟು ಮೂರು ದಿನ ಮೊದಲಷ್ಟೇ ನಿರಾಕರಿಸಿತ್ತು.

2008ರ ನಿಯಮಗಳಲ್ಲಿ ನಮ್ಮ ದೃಷ್ಟಿಗೆ ಮುಖ್ಯವಾದವು ಎರಡು. ಒಂದು, ಕೆಲಸದ ಸ್ಥಳ ಎಂಬ ಮಾತು ಸ್ಪಷ್ಟವಾಗಿ ಬಂದದ್ದು. ಖಾಸಗಿ ಕಚೇರಿಯೂ ಕ್ಯಾಂಟೀನೂ ಅದರಲ್ಲಿ ಅಡಕವಾದವು. ಇನ್ನೊಂದು, ಜವಾಬ್ದಾರಿಯನ್ನು ಪಕ್ಕದವನ ತಲೆಯಿಂದ ಇಳಿಸಿ ಮಾಲೀಕನ ತಲೆಗೆ ಹೊರಿಸಿದ್ದು. ಫಲಕ ಹಾಕಬೇಕು, ಬೂದಿಬಟ್ಟಲು ಕಡ್ಡಿಪೆಟ್ಟಿಗೆ ಇಡಬಾರದು, ದೂರು ಯಾರಿಗೆ ಕೊಡಬೇಕೆಂಬುದನ್ನು ಬರೆದು ತೋರಿಸಬೇಕು. ದೂರು ಬಂದೂ ಮಾಲೀಕ ಸುಮ್ಮನಿದ್ದರೆ, ಎಷ್ಟು ಜನ ಸೇದಿದರೋ ಅಷ್ಟು ದಂಡ ಅವನ ಮೇಲೆ. ರೈಲಿನಲ್ಲಿ ನೂರು ವರ್ಷ ನಡೆದ ಒಪ್ಪಿಗೆ ಆಕ್ಷೇಪಗಳ ತೊಡಕು ಇಲ್ಲಿ ಬಿಡಿಸಿಹೋಯಿತು. ಮಾಟುಂಗಾದ ಹೋಟೆಲುಗಳಲ್ಲಿ ಗಲ್ಲೆಯ ಮೇಲೆ ಕೂರುವ ನಮ್ಮ ಮಿತ್ರರಿಗೆ ಮೊದಲು ಭಯವಿತ್ತು. ಹಳೆಯ ಗಿರಾಕಿಗೆ, ಸ್ವಾಮೀ ಹೊರಗೆ ಹೋಗಿ ಎನ್ನುವುದು ಹೇಗೆ? ಒಂದೆರಡು ತಿಂಗಳಲ್ಲಿಯೇ ಅವರ ಭಯ ಹೋಯಿತು. ಸಿಗರೇಟು ಹಿಡಿದು ಒಂದು ಕಪ್ಪು ಚಹಾಕ್ಕೆ ಅರ್ಧ ಗಂಟೆ ಕೂರುವವರು ಹತ್ತು ನಿಮಿಷಕ್ಕೆ ಏಳತೊಡಗಿದ್ದರಿಂದ ವ್ಯಾಪಾರವೇ ಸುಧಾರಿಸಿತೆಂದು ಒಬ್ಬರು ಗುಟ್ಟಾಗಿ ಹೇಳಿದರು.

ಈ ಕಾಯಿದೆಯನ್ನು ಹೊಗಳುವಾಗ ನಮ್ಮ ನಾಲಗೆ ಸ್ವಲ್ಪ ತಡವರಿಸುತ್ತದೆ ಎಂಬುದನ್ನೂ ಹೇಳಿಬಿಡಬೇಕು. ನಾವು ಮುಂಬಯಿಗೆ ಬಂದ ಬಸ್ಸಿನ ಹಣ ಬೀಡಿಯ ಹಣ. ಮಂಗಳೂರು, ಉಡುಪಿಗಳ ಸುತ್ತಿನ ಹಳ್ಳಿಗಳಲ್ಲಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದ ತಾಯಂದಿರು ಎಷ್ಟು ಮಕ್ಕಳನ್ನು ಓದಿಸಿದರು, ಎಷ್ಟು ಹೆಣ್ಣುಮಕ್ಕಳ ಮದುವೆ ಮಾಡಿದರು ಎಂಬುದು ಈ ಸಂಚಿಕೆಯನ್ನು ಓದುವ ಅನೇಕರಿಗೆ ಮನೆಯ ಮಾತೇ ಆಗಿದೆ. ಸಂಜೆ ಬ್ರಾಂಚಿಗೆ ಬೀಡಿ ಒಯ್ದು, ಎಣಿಸಿ ಕೊಟ್ಟು, ಮರುದಿನದ ಎಲೆ ಹೊಗೆಸೊಪ್ಪು ತರುವಾಗ ನಾವೂ ನಮ್ಮ ಅಮ್ಮನ ಹಿಂದೆ ನಡೆದವರು. ನಿಪ್ಪಾಣಿಯ ರೈತನೂ, ಹುಣಸೂರು ಪಿರಿಯಾಪಟ್ಟಣಗಳ ಬೆಳೆಗಾರನೂ ಇದೇ ಗಿಡವನ್ನು ನಂಬಿ ಬಾಳಿದವರು. 1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಪಾರ್ಲಿಮೆಂಟು ಬೇರೆಯೇ ಕಾಯಿದೆ ಮಾಡಿತು. ಆದರೆ ಮನೆಯ ಜಗಲಿಯಲ್ಲಿ ಕುಳಿತು ಹೊಗೆಸೊಪ್ಪಿನ ಪುಡಿಯನ್ನು ದಿನವಿಡೀ ಮೂಗಿಗೆಳೆದುಕೊಂಡವಳಿಗೆ ಕೆಲಸದ ಸ್ಥಳದ ಧೂಮಪಾನ ನಿಷೇಧದಿಂದ ಏನು ದೊರೆಯಿತು? ಅವಳ ಮೊರದಲ್ಲಿ ಇದ್ದದ್ದು ಹೊಗೆಯಲ್ಲ, ಧೂಳು. ನಮ್ಮ ಅಮ್ಮನಿಗೂ ಕೊನೆಯ ವರ್ಷಗಳಲ್ಲಿ ಉಬ್ಬಸವಿತ್ತು.

ಕಾಯಿದೆಯ ಫಲವೇನೆಂದು ತಿಳಿಯಲು ಸರಕಾರವೇ ಎರಡು ಸಲ ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. 2009-10ರಲ್ಲಿ ಮನೆಯಲ್ಲಿ ಇತರರ ಹೊಗೆಗೆ ಒಳಗಾಗುತ್ತಿದ್ದ ವಯಸ್ಕರು ನೂರಕ್ಕೆ 52.3, 2016-17ರಲ್ಲಿ ಅದು 38.7ಕ್ಕೆ ಇಳಿದಿತ್ತು. ಮನೆಯೊಳಗೆ ಯಾವ ಕಾಯಿದೆಯೂ ಇಲ್ಲ. ಹೆಂಡತಿ ಮಕ್ಕಳ ಮಾತೇ ಅಲ್ಲಿ ಕಾಯಿದೆ. ಕಾಯಿದೆಯಿರುವ ಕೆಲಸದ ಸ್ಥಳದಲ್ಲಿಯೋ, ಮಾಳಿಗೆಯ ಕೆಳಗೆ ದುಡಿಯುವವರ ಪೈಕಿ ಹೊಗೆಗೆ ಒಳಗಾದವರು ಮೊದಲು 29.9, ಆಮೇಲೆ 30.2. ಅಂದರೆ ಇದ್ದಲ್ಲಿಯೇ ಇದೆ. ಮನೆಯಲ್ಲಿ ಗಂಡನಿಗೆ ಹೊರಗೆ ಹೋಗಿ ಎಂದು ಹೇಳಲು ಕಲಿತವರು ಕಚೇರಿಯಲ್ಲಿ ಮೇಲಧಿಕಾರಿಗೆ ಹಾಗೆ ಹೇಳಲು ಇನ್ನೂ ಕಲಿತಿಲ್ಲವೆಂದು ತೋರುತ್ತದೆ. ನಮ್ಮನ್ನೇ ಕೇಳಿದರೆ, ಹೋಟೆಲು ಬಿಟ್ಟು ಗುಮಾಸ್ತರಾದ ಮೇಲೆ ಎದುರು ಮೇಜಿನ ಅಧಿಕಾರಿಯ ಹೊಗೆಯನ್ನು ಹನ್ನೆರಡು ವರ್ಷ ಉಸಿರಾಡಿಯೂ ನಾವು ತುಟಿ ಬಿಚ್ಚಲಿಲ್ಲ. ವಾರ್ಷಿಕ ವರದಿ ಬರೆಯುವವರು ಅವರೇ ಆಗಿದ್ದರು.

ಹಳೆಯ ಬೆಂಕಿಯ ಭಯ ಮತ್ತೆ ಬಂದದ್ದು 2017ರಲ್ಲಿ. 2008ರ ನಿಯಮಗಳು 30 ಅಥವಾ ಹೆಚ್ಚು ಆಸನಗಳಿರುವ ಹೋಟೆಲುಗಳಿಗೆ ಪ್ರತ್ಯೇಕ ಧೂಮಪಾನದ ಕೋಣೆಯ ಅನುಮತಿಯನ್ನು ಉಳಿಸಿದ್ದವು. ಅಂತಹ ಕೋಣೆಯಲ್ಲಿ ಹುಕ್ಕಾ ಕೊಡಬಹುದೇ ಎಂಬ ವ್ಯಾಜ್ಯ ಮುಂಬಯಿಯಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ, 2014ರಲ್ಲಿ ಕೊಡಬಹುದೆಂದು ತೀರ್ಪಾಯಿತು. 2017ರ ಡಿಸೆಂಬರ್ 29ರಂದು, ನಡುರಾತ್ರಿ ಕಳೆದ ಮೇಲೆ, ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಮೇಲಿನ ಉಪಾಹಾರ ಗೃಹಗಳಲ್ಲಿ ಬೆಂಕಿ ಬಿದ್ದು 14 ಜನ ಸತ್ತರು. ಹಾರಿದ ಹುಕ್ಕಾ ಕೆಂಡವೇ ಕಾರಣವಾಗಿರಬಹುದೆಂದು ಅಗ್ನಿಶಾಮಕ ದಳದ ವರದಿ ಹೇಳಿತು. ಒಂದು ಕಾಲಕ್ಕೆ ಗಿರಣಿಯಾಗಿದ್ದ ಆವರಣವದು! ಮಹಾರಾಷ್ಟ್ರವು 2018ರಲ್ಲಿ ಹುಕ್ಕಾ ಮಂದಿರಗಳನ್ನು ನಿಷೇಧಿಸಿತು. ಕರ್ನಾಟಕದ ತಿದ್ದುಪಡಿ ಕಾಯಿದೆ 2024ರಲ್ಲಿ ಶಾಸನಸಭೆಯಲ್ಲಿ ಅಂಗೀಕಾರವಾಗಿ, ರಾಷ್ಟ್ರಪತಿಯವರ ಒಪ್ಪಿಗೆ ಪಡೆದು 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಹುಕ್ಕಾ ಮಂದಿರಗಳಿಗೆ ಅಲ್ಲಿಯೂ ಬೀಗ. ತಂಬಾಕು ಮಾರಬಹುದಾದ ವಯಸ್ಸು 18ರಿಂದ 21ಕ್ಕೆ, ದಂಡ 200ರಿಂದ 1,000 ರೂಪಾಯಿಗೆ ಏರಿತು.

2017ರಲ್ಲಿಯೇ ಇನ್ನೊಂದು ಚಿಕ್ಕ ತಿದ್ದುಪಡಿ ಆಯಿತು. ಧೂಮಪಾನದ ಕೋಣೆಯೊಳಗೆ ಯಾವ ಸೇವೆಯನ್ನೂ ಒದಗಿಸಕೂಡದು ಎಂದು ಕೇಂದ್ರ ಸರಕಾರ ಮೇ ತಿಂಗಳಲ್ಲಿ ನಿಯಮ ಮಾಡಿತು. ಹುಕ್ಕಾವನ್ನು ತಡೆಯುವುದು ಅದರ ಉದ್ದೇಶ. ಆದರೆ ಚಹಾದ ತಟ್ಟೆ ಹಿಡಿದು ಮಾಣಿ ಆ ಕೋಣೆಯೊಳಗೆ ಹೋಗಬೇಕಾಗಿಲ್ಲವೆಂಬುದೂ ಅದರಿಂದ ಸಿದ್ಧವಾಯಿತು. ನಮ್ಮ ಹಿರಿಯ ಮಾಣಿಯವರು ಇದನ್ನು ಕೇಳಿ ಸಂತೋಷಪಡುತ್ತಿದ್ದರು. ಅವರು ತೀರಿಕೊಂಡು ಬಹಳ ವರ್ಷಗಳಾದವು.

ಕಳೆದ ಬೇಸಗೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಉಪನಗರದ ದೊಡ್ಡ ಹೋಟೆಲೊಂದಕ್ಕೆ ಹೋಗಿದ್ದೆವು. ಮೂಲೆಯಲ್ಲಿ ಗಾಜಿನ ಬಾಗಿಲಿನ ಅಂತಹ ಕೋಣೆಯಿತ್ತು. ಒಳಗಿದ್ದ ನಾಲ್ವರು ಹೊರಬಂದ ಕೂಡಲೇ ಕೈಯಲ್ಲಿ ಬಕೆಟ್ಟು ಪೊರಕೆ ಹಿಡಿದ ಹುಡುಗನೊಬ್ಬ ಒಳಗೆ ಹೋದ. ಅವನು ಹೊರಬಂದಾಗ ಮುಖ ನೋಡಿ ನಮ್ಮ ಕಡೆಯವನೆನ್ನಿಸಿ, "ಊರ್ ಯಾವ್ದಾ ಮಾಣಿ?" ಎಂದು ಕೇಳಿದೆವು. ಅವನು ಬೆರಗಾಗಿ ನಕ್ಕು, "ಬೈಂದೂರ್ ಹತ್ರ ಅಜ್ಜ" ಎಂದ. ಒಳಗೆ ಸೇವೆ ಇಲ್ಲವೆಂದು ಬರೆದಿದೆಯಲ್ಲ, ನೀನೇಕೆ ಹೋದೆ ಎಂದು ವಿಚಾರಿಸಿದಾಗ, "ಸರ್ವಿಸ್ ಇಲ್ಲ. ಕ್ಲೀನಿಂಗ್ ಇತ್ತಲ್ದಾ" ಎಂದು ಹೇಳಿ, ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಅಡಿಗೆಮನೆಯ ಕಡೆಗೆ ಹೋದ.